ಜೀಲಾಂಗಿನಿಂದ ಬಂದ ಪೆಟ್ಟಿಗೆ

ಮೊನ್ನೆ ಹಳೆಯ ಫೋಟೋಗಳನ್ನು ಜೋಡಿಸಿಡುತ್ತಿದ್ದೆ. ಮುಂಜಿ, ಮದುವೆ, ನಯಾಗರ ಪ್ರವಾಸ ಇತ್ಯಾದಿಗಳ ನಡುವೆ ಒಂದು ಮರದ ಪೆಟ್ಟಿಗೆಯ ಫೋಟೋ ಸಿಕ್ಕಿತು. “ಇದ್ಯಾಕೆ ಇಟ್ಕೊಂಡಿದೀರಿ?” ಅಂತ ಮನೆಯವಳು ಕೇಳಿದಳು. ಹೇಳಲು ಹೊರಟರೆ ಕಥೆ ಉದ್ದವಾಯಿತು. ಅವಳು ಅರ್ಧದಲ್ಲೇ ಎದ್ದು ಅಡುಗೆಮನೆಗೆ ಹೋದಳು. ಮಿಕ್ಕಿದ್ದನ್ನು ನಿಮಗೆ ಹೇಳುತ್ತಿದ್ದೇನೆ, ದಯವಿಟ್ಟು ಏಳಬೇಡಿ :-)

ಅದು 2006. ಕೆಲಸದ ಮೇಲೆ ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನ ಹೊರವಲಯದಲ್ಲಿದ್ದೆ. ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದರು. ಅವರ ಗ್ಯಾರೇಜಿನಲ್ಲಿ 1971ರ ಒಂದು ಫೋರ್ಡ್ ಮಸ್ಟಾಂಗ್ ಕಾರು, ಅದರ ಎಂಜಿನ್ ಯಾವಾಗಲೂ ಬಿಚ್ಚಿಯೇ ಇರುತ್ತಿತ್ತು. ಒಂದು ಶನಿವಾರ ಅವರ ಮನೆ ಮುಂದೆ ಒಂದು ಮರದ ಪೆಟ್ಟಿಗೆ ಬಂದು ಕೂತಿತ್ತು. ಒಬ್ಬರೇ ಎತ್ತಲಾಗದೆ ನನ್ನನ್ನು ಕರೆದರು. ಎತ್ತಿದರೆ ಸೊಂಟವೇ ಹಿಡಿದುಕೊಳ್ಳುವಷ್ಟು ಭಾರ. ಒಳಗೆ ಎಣ್ಣೆ ಜಿಡ್ಡು ಮೆತ್ತಿದ ಎರಡು ಎರಕದ ಕಬ್ಬಿಣದ ತುಂಡುಗಳು, ಅಂದರೆ ಸಿಲಿಂಡರ್ ಹೆಡ್‌ಗಳು. ಪೆಟ್ಟಿಗೆಯ ಮೇಲೆ ಆಸ್ಟ್ರೇಲಿಯಾದ ವಿಳಾಸ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಕಾರು ಅಮೆರಿಕದ್ದು. ಎಂಜಿನ್ನೂ ಅಮೆರಿಕದ್ದೇ. ಅಷ್ಟೇ ಅಲ್ಲ, ಆ ಎಂಜಿನ್ನಿನ ಹೆಸರೇ “351 ಕ್ಲೀವ್‌ಲ್ಯಾಂಡ್”! ಅದು ತಯಾರಾದ ಬ್ರೂಕ್ ಪಾರ್ಕ್ ಕಾರ್ಖಾನೆ ನಾವು ನಿಂತಿದ್ದ ಜಾಗದಿಂದ ಕಾರಿನಲ್ಲಿ ಅರ್ಧ ಗಂಟೆ. ಅದಕ್ಕೆ ಬೇಕಾದ ಭಾಗ ಭೂಗೋಳದ ಆ ತುದಿಯಿಂದ ಹಡಗು ಹತ್ತಿ ಯಾಕೆ ಬರಬೇಕು? ಗಂಗೆಯ ದಡದಲ್ಲಿ ಕೂತವನು ಕಾವೇರಿಯಿಂದ ನೀರು ತರಿಸಿಕೊಂಡ ಹಾಗಾಯಿತಲ್ಲ?

ಅಜ್ಜ ನಕ್ಕು, “ಕೂತ್ಕೋ, ಹೇಳ್ತೀನಿ” ಅಂದರು. ಅವರು ಅಂದು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಈ ‘ಮಸಲ್ ಕಾರ್’ ಅಂದರೇನು ನೋಡೋಣ. ಸಾಧಾರಣ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡದೊಂದು ಎಂಟು ಸಿಲಿಂಡರಿನ ವಿ8 ಎಂಜಿನ್ ತುರುಕಿ ಹರೆಯದವರಿಗೆ ಮಾರುವುದು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಕಾರನ್ನು ಈ ವಂಶದ ಮೂಲಪುರುಷ ಅನ್ನುವವರು ಹೆಚ್ಚು. ಮಸ್ಟಾಂಗ್ ಮಾರುಕಟ್ಟೆಗೆ ಬಂದಿದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ. ಪೆಟ್ರೋಲು ಅಗ್ಗ, ರಸ್ತೆ ನೇರ, ಹುಡುಗರ ಕೈಯಲ್ಲಿ ದುಡ್ಡು. ಮುಂದಿನ ಆರೇಳು ವರ್ಷ ಕಂಪನಿಗಳು ಪೈಪೋಟಿಯ ಮೇಲೆ ಎಂಜಿನ್ ಹಿಗ್ಗಿಸುತ್ತಾ ಹೋದವು.

ಈ ಪೈಪೋಟಿಯ ನಡುವೆ 1970ರ ಮಾಡೆಲ್‌ಗಳಿಗೆಂದು ಫೋರ್ಡ್ ತಂದ ಎಂಜಿನ್ನೇ ಈ 351. ಅಂದರೆ 351 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು 5.8 ಲೀಟರ್. ತಮಾಷೆ ಏನೆಂದರೆ ಫೋರ್ಡ್ ಬಳಿ ಆಗಲೇ ಅಷ್ಟೇ ಗಾತ್ರದ ಇನ್ನೊಂದು 351 ಇತ್ತು! ಅದು ತಯಾರಾಗುತ್ತಿದ್ದದ್ದು ಕೆನಡಾದ ವಿಂಡ್ಸರ್ ಊರಿನಲ್ಲಿ. ಒಂದೇ ಮನೆಯಲ್ಲಿ ಇಬ್ಬರು ವೆಂಕಟೇಶರಿದ್ದರೆ ಊರಿನ ಹೆಸರು ಹಿಡಿದು ಕರೆಯುವ ಹಾಗೆ ಒಂದಕ್ಕೆ 351 ವಿಂಡ್ಸರ್, ಇನ್ನೊಂದಕ್ಕೆ 351 ಕ್ಲೀವ್‌ಲ್ಯಾಂಡ್ ಎಂದು ಹೆಸರಾಯಿತು.

ಕ್ಲೀವ್‌ಲ್ಯಾಂಡಿನ ಹೆಚ್ಚುಗಾರಿಕೆ ಇದ್ದದ್ದು ಅದರ ಹೆಡ್‌ನಲ್ಲಿ. ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಭಾಗ ಇದು. ಗಾಳಿ-ಪೆಟ್ರೋಲಿನ ಮಿಶ್ರಣ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಎರಡಕ್ಕೂ ಬಾಗಿಲಾದ ವಾಲ್ವ್‌ಗಳು ಎಲ್ಲ ಇದರಲ್ಲೇ. ಕ್ಲೀವ್‌ಲ್ಯಾಂಡಿನಲ್ಲಿ ವಾಲ್ವ್‌ಗಳನ್ನು ಓರೆಯಾಗಿ ಕೂರಿಸಿದ್ದರಿಂದ ದೊಡ್ಡ ವಾಲ್ವ್‌ಗಳಿಗೆ ಜಾಗ ಸಿಕ್ಕಿ ಎಂಜಿನ್ ಧಾರಾಳವಾಗಿ ಉಸಿರಾಡುತ್ತಿತ್ತು. 1971ರ ಬಾಸ್ 351 ಮಸ್ಟಾಂಗ್‌ನಲ್ಲಿ ಇದೇ ಎಂಜಿನ್ 330 ಅಶ್ವಶಕ್ತಿ ಎಂದು ಕಂಪನಿ ಹೇಳಿಕೊಂಡಿತು.

ಆದರೆ ಅಮೆರಿಕದ ಗಿರಾಕಿಗೆ ಇದ್ದದ್ದು ಮುಖ್ಯವಾಗಿ ಎರಡೇ ಆಯ್ಕೆ. ಒಂದು ‘4ವಿ’. ಈ ‘ವಿ’ ವಾಲ್ವ್ ಅಲ್ಲ, ಕಾರ್ಬುರೇಟರಿನ ಗಾಳಿಕೊಳವೆಗಳ ಲೆಕ್ಕ. ಈ ಹೆಡ್‌ನ ದಾರಿಗಳು ಎಷ್ಟು ಅಗಲ ಅಂದರೆ ರೇಸಿನಲ್ಲಿ ಹುಲಿ, ಊರೊಳಗೆ ಬೆಕ್ಕು. ನಿಧಾನಕ್ಕೆ ಹೋಗುವಾಗ ಅಷ್ಟು ಅಗಲದ ದಾರಿಯಲ್ಲಿ ಗಾಳಿಗೆ ವೇಗವೇ ಇರುವುದಿಲ್ಲ. ಇನ್ನೊಂದು ‘2ವಿ’. ಇದರ ದಾರಿಗಳು ಕಿರಿದು, ಊರಿನ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಪೆಟ್ರೋಲು ಉರಿಯುವ ಗುಳಿ ದೊಡ್ಡದು, ಅಗಲ ಬಾಯಿಯದು. ಹಾಗಾಗಿ ಒತ್ತಡ ಕಡಿಮೆ. 1970-71ರ 4ವಿ ಹೆಡ್‌ನಲ್ಲಿ ಈ ಗುಳಿ ಚಿಕ್ಕದಾಗಿ, ಸುತ್ತ ಚಪ್ಪಟೆ ಅಂಚಿನೊಂದಿಗೆ ಇತ್ತು. ಪಿಸ್ಟನ್ ಮೇಲೆ ಬಂದಾಗ ಆ ಅಂಚು ಮಿಶ್ರಣವನ್ನು ಹಿಂಡಿ ಮಧ್ಯಕ್ಕೆ ನೂಕುತ್ತದೆ. ಒರಳಿನ ಅಂಚಿನಿಂದ ಹಿಟ್ಟು ಗುಳಿಗೆ ಜಾರುವುದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹೀಗೆ ಕಲಕಿದ ಮಿಶ್ರಣ ಚೆನ್ನಾಗಿ ಉರಿಯುತ್ತದೆ.

ಅಂದರೆ ಒಂದು ಹೆಡ್‌ನಲ್ಲಿ ಗುಳಿ ಸರಿ, ದಾರಿ ಸರಿಯಿಲ್ಲ. ಇನ್ನೊಂದರಲ್ಲಿ ದಾರಿ ಸರಿ, ಗುಳಿ ಸರಿಯಿಲ್ಲ. ಕಿರಿದಾದ ದಾರಿ ಮತ್ತು ಚಿಕ್ಕ ಗುಳಿ ಎರಡೂ ಒಟ್ಟಿಗಿದ್ದ ಹೆಡ್ ಅಮೆರಿಕದಲ್ಲಿ ತಯಾರಾಗಲಿಲ್ಲ.

ಸರಿಪಡಿಸಿಕೊಳ್ಳಲು ಕಾಲವೂ ಇರಲಿಲ್ಲ. 1970ರ ಶುದ್ಧಗಾಳಿ ಕಾನೂನಿನಿಂದ ಹೊಗೆಯ ಮೇಲೆ ಅಂಕುಶ ಬಿತ್ತು. ವಿಮೆಯ ಕಂತು ಹುಡುಗರ ಕೈಗೆಟುಕದಾಯಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದ ಮೇಲಂತೂ ಬಂಕುಗಳ ಮುಂದೆ ಮೈಲುದ್ದದ ಸಾಲು. 1974ರ ಮಾಡೆಲ್‌ಗಳೊಂದಿಗೆ 351 ಕ್ಲೀವ್‌ಲ್ಯಾಂಡ್ ಅಮೆರಿಕದಲ್ಲಿ ನಿಂತೇಹೋಯಿತು. ಒಟ್ಟು ಆಯುಸ್ಸು ಐದು ಮಾಡೆಲ್ ವರ್ಷ. ಮಸಲ್ ಕಾರುಗಳ ಕಾಲವೂ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಈಗ ಆಸ್ಟ್ರೇಲಿಯಾಕ್ಕೆ ಹೋಗೋಣ.

ಮೆಲ್ಬರ್ನ್‌ನಿಂದ ನೈರುತ್ಯಕ್ಕೆ ಸುಮಾರು 75 ಕಿಲೋಮೀಟರ್ ದೂರದಲ್ಲಿ ಸಮುದ್ರದಂಚಿನ ಊರು ಜೀಲಾಂಗ್. ಉಣ್ಣೆ ವ್ಯಾಪಾರಕ್ಕೆ ಹೆಸರಾಗಿದ್ದ ಆ ಊರಿಗೆ ಫೋರ್ಡ್ ಬಂದದ್ದು 1925ರಲ್ಲಿ. ಅರವತ್ತರ ದಶಕದ ಕೊನೆಗೆ ಅಲ್ಲಿನವರಿಗೂ ದೊಡ್ಡ ಎಂಜಿನ್ನಿನ ಹುಚ್ಚು ಹತ್ತಿತು. ಫಾಲ್ಕನ್ ಎಂಬ ಮನೆಮಂದಿಯ ನಾಲ್ಕು ಬಾಗಿಲ ಕಾರಿಗೆ 1969ರಲ್ಲಿ ಆಮದು ಮಾಡಿದ ವಿಂಡ್ಸರ್ ಎಂಜಿನ್ ಹಾಕಿದರು. 1970ರಲ್ಲಿ ಆಮದು ಮಾಡಿದ ಕ್ಲೀವ್‌ಲ್ಯಾಂಡ್ ಬಂತು. ಬ್ಯಾಥರ್ಸ್ಟ್ ಎಂಬಲ್ಲಿ ಪ್ರತಿವರ್ಷ ನಡೆಯುವ ದೊಡ್ಡ ರೇಸನ್ನು 1970ರಲ್ಲೂ 1971ರಲ್ಲೂ ಆಲನ್ ಮೊಫಾಟ್ ಗೆದ್ದದ್ದು ಕ್ಲೀವ್‌ಲ್ಯಾಂಡ್ ಎಂಜಿನ್ನಿನ ಫಾಲ್ಕನ್ ಕಾರಿನಲ್ಲೇ. ಗಮನಿಸಿ, ಆಗ ಹಡಗು ಹೋಗುತ್ತಿದ್ದದ್ದು ಒಹಾಯೋದಿಂದ ಜೀಲಾಂಗ್ ಕಡೆಗೆ.

ಆಮದು ದುಬಾರಿ. ಹಾಗಾಗಿ 1971ರ ಕೊನೆಯ ಹೊತ್ತಿಗೆ ಜೀಲಾಂಗಿನಲ್ಲೇ ಈ ಎಂಜಿನ್ ತಯಾರಿಸಲು ಆರಂಭಿಸಿದರು. ಇಲ್ಲೇ ಕಥೆಯ ತಿರುವು ಇರುವುದು. ಫಾಲ್ಕನ್‌ಗೆ ಎರಡು ಗಾತ್ರದ ವಿ8 ಬೇಕಿತ್ತು: 351 ಮತ್ತು 302, ಅಂದರೆ 5.8 ಮತ್ತು 4.9 ಲೀಟರ್. ಅಮೆರಿಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಕಾರ್ಖಾನೆ, ಬೇರೆ ಬೇರೆ ಅಚ್ಚು. ಅಲ್ಲಿನ ಮಾರುಕಟ್ಟೆ ಅಷ್ಟು ದೊಡ್ಡದು. ಆಸ್ಟ್ರೇಲಿಯಾದ ಜನಸಂಖ್ಯೆ ಆಗ ಒಂದೂಕಾಲು ಕೋಟಿಯ ಆಸುಪಾಸು. ಎರಡು ವಂಶದ ಎಂಜಿನ್ ಸಾಕುವಷ್ಟು ಶಕ್ತಿ ಅವರಿಗೆಲ್ಲಿ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ಹಾಗಾಗಿ ಕ್ಲೀವ್‌ಲ್ಯಾಂಡಿನ ಒಂದೇ ಬ್ಲಾಕ್ ಇಟ್ಟುಕೊಂಡು, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವನ್ನು ಮೂರೂವರೆ ಅಂಗುಲದಿಂದ ಮೂರಕ್ಕೆ ಇಳಿಸಿ 302 ಮಾಡಿಕೊಂಡರು. ಇಂಥ 302 ಕ್ಲೀವ್‌ಲ್ಯಾಂಡ್ ಬೇರೆಲ್ಲೂ ತಯಾರಾಗಲಿಲ್ಲ.

ಆದರೆ ಪಿಸ್ಟನ್ ಓಡುವ ದೂರ ಕಡಿಮೆಯಾದರೆ ಒತ್ತಡವೂ ಇಳಿಯುತ್ತದೆ. ಅದನ್ನು ಸರಿದೂಗಿಸಲು ಗುಳಿ ಚಿಕ್ಕದಾಗಬೇಕು. ಊರಿನ ಓಡಾಟದ ಕಾರಾದ್ದರಿಂದ ದಾರಿಗಳು 2ವಿಯವೇ ಸಾಕು. ಹೀಗೆ ಕಿರಿದಾದ ದಾರಿ ಮತ್ತು ಚಿಕ್ಕ ಗುಳಿಯ ಹೆಡ್ ಜೀಲಾಂಗಿನಲ್ಲಿ ಹುಟ್ಟಿಕೊಂಡಿತು. ಅಮೆರಿಕದ ಶ್ರೀಮಂತ ಕಾರ್ಖಾನೆ ಐದು ವರ್ಷದಲ್ಲಿ ಮಾಡದ ಜೋಡಣೆ ಇಲ್ಲಿ ಬರೀ ಕಾಸು ಉಳಿಸುವ ಯೋಚನೆಯಿಂದ ಆಗಿಹೋಯಿತು. ರೇಸು ಗೆಲ್ಲಲಿಕ್ಕಲ್ಲ, ಇತಿಹಾಸದಲ್ಲಿ ಹೆಸರು ಉಳಿಯಲೆಂದೂ ಅಲ್ಲ.

ಬ್ಲಾಕ್ ಎರಡಕ್ಕೂ ಒಂದೇ ಆದ್ದರಿಂದ 302ರ ಹೆಡ್ 351ರ ಮೇಲೆ ಸಲೀಸಾಗಿ ಕೂರುತ್ತದೆ. ಕೂತರೆ ಏನಾಗುತ್ತದೆ? ಸ್ವಲ್ಪ ಲೆಕ್ಕ ಮಾಡೋಣ. 302ರಲ್ಲಿ ಒಂದು ಸಿಲಿಂಡರಿನ ಅಳತೆ ಸುಮಾರು 619 ಸಿಸಿ. 351ರಲ್ಲಿ ಸುಮಾರು 720 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ, ಲೆಕ್ಕದ ಅನುಕೂಲಕ್ಕೆ, ಜೀಲಾಂಗಿನ ಹೆಡ್‌ನಲ್ಲಿ 75 ಸಿಸಿ, ಅಮೆರಿಕದ 2ವಿಯಲ್ಲಿ 90 ಸಿಸಿ ಅಂದುಕೊಳ್ಳಿ. ಅಮೆರಿಕದ 2ವಿ ಹಾಕಿದ 351ರಲ್ಲಿ ಮಿಶ್ರಣ ಒಂಬತ್ತು ಪಟ್ಟು ಕುಗ್ಗುತ್ತದೆ. ಅದೇ 351ಕ್ಕೆ ಜೀಲಾಂಗಿನ ಹೆಡ್ ಹಾಕಿದರೆ ಹತ್ತೂವರೆ ಪಟ್ಟು ಮೀರುತ್ತದೆ. ಬೇರೇನೂ ಬದಲಾಯಿಸಬೇಕಿಲ್ಲ, ಮುಚ್ಚಳ ಬದಲಿಸಿದರಾಯಿತು. ಪಕ್ಕದ ಮನೆಯ ಅಜ್ಜ ಕಾಯುತ್ತಿದ್ದದ್ದು ಇದಕ್ಕೇ.

ಆಸ್ಟ್ರೇಲಿಯಾದಲ್ಲೂ ಎಲ್ಲ ಸುಗಮವಾಗಿರಲಿಲ್ಲ. 1972ರ ಜೂನಿನಲ್ಲಿ ಸಿಡ್ನಿಯ ಪತ್ರಿಕೆಯೊಂದು, ಗಂಟೆಗೆ 160 ಮೈಲಿ ಓಡುವ ಕಾರುಗಳು ರಸ್ತೆಗೆ ಬರಲಿವೆ ಎಂದು ಮುಖಪುಟದಲ್ಲಿ ಬರೆದು ಗಲಾಟೆಯೇ ಎದ್ದಿತು. ಸರ್ಕಾರಗಳ ಒತ್ತಡಕ್ಕೆ ಮಣಿದು ಫೋರ್ಡ್ ತನ್ನ ಮುಂದಿನ ರೇಸ್ ಫಾಲ್ಕನ್ ಯೋಜನೆಯನ್ನು ಕೈಬಿಟ್ಟಿತು. ಆದರೆ ಎಂಜಿನ್ ಉಳಿಯಿತು. ಸಾಧಾರಣ ಮನೆಯ ಕಾರುಗಳಲ್ಲಿ ಕುಟುಂಬದ ಸಾಮಾನು ಹೊರುತ್ತಾ, ಪಿಕಪ್‌ಗಳಲ್ಲಿ ದುಡಿಯುತ್ತಾ ಉಳಿಯಿತು. 1979ರ ‘ಮ್ಯಾಡ್ ಮ್ಯಾಕ್ಸ್’ ಸಿನಿಮಾ ನೋಡಿದವರಿಗೆ ಆ ಕಪ್ಪು ಕಾರು ನೆನಪಿರಬಹುದು. ಅದು ಫಾಲ್ಕನ್ನೇ, 1973ರದ್ದು.

ಇತ್ತ ಅಮೆರಿಕದಲ್ಲಿ ಎರಕ ನಿಂತ ಮೇಲೆ ಮೊದಲು ಕಂಗಾಲಾದವರು ರೇಸಿನವರು. ಎಪ್ಪತ್ತರ ದಶಕದ ನಡುವಿನಿಂದ ನ್ಯಾಸ್ಕಾರ್ ರೇಸಿನ ನಿಯಮದಲ್ಲಿ ಎಂಜಿನ್ ಗಾತ್ರಕ್ಕೆ 358 ಘನ ಅಂಗುಲದ ಮಿತಿ ಬಂತು. 351 ಅದಕ್ಕೆ ಸರಿಯಾಗಿ ಒಪ್ಪುತ್ತಿತ್ತು, ಆದರೆ ಹೊಸ ಬ್ಲಾಕ್ ಇಲ್ಲ! ಫೋರ್ಡ್ ಓಡಿಸುತ್ತಿದ್ದ ತಂಡಗಳು ಜೀಲಾಂಗಿನಲ್ಲಿ ಎರಕ ಹೊಯ್ದ ಬ್ಲಾಕ್‌ಗಳನ್ನು ತರಿಸಿಕೊಂಡವು. ಅಮೆರಿಕದ ಅಚ್ಚುಮೆಚ್ಚಿನ ರೇಸಿನಲ್ಲಿ ಅಮೆರಿಕದ ಕಾರು ಆಸ್ಟ್ರೇಲಿಯಾದ ಕಬ್ಬಿಣದ ಮೇಲೆ ಓಡಿತು.

ಇಟಲಿಯವರದ್ದು ಇನ್ನೂ ಮಜಾ. ಡಿ ಟೊಮಾಸೊ ಕಂಪನಿಯ ಪ್ಯಾಂಟೆರಾ ಕಾರಿಗೆ ಹೊರಗಿನ ಮೈ ಇಟಲಿಯದು, ಎಂಜಿನ್ 351 ಕ್ಲೀವ್‌ಲ್ಯಾಂಡ್. 1971ರಿಂದ ಅಮೆರಿಕದಲ್ಲಿ ಫೋರ್ಡ್ ಬಳಗದ ಅಂಗಡಿಗಳಲ್ಲೇ ಮಾರಾಟವಾಗುತ್ತಿತ್ತು. ಅಮೆರಿಕದಲ್ಲಿ ಎಂಜಿನ್ ನಿಂತ ಮೇಲೂ ಇಟಲಿಯವರು ಕಾರು ನಿಲ್ಲಿಸಲಿಲ್ಲ, ಆಸ್ಟ್ರೇಲಿಯಾದಿಂದ ಎಂಜಿನ್ ತರಿಸಿಕೊಂಡರು. ಒಹಾಯೋದ ಹೆಸರು, ಜೀಲಾಂಗಿನ ಎರಕ, ಮೋಡೆನಾದ ಮೈ... ಯಾವ ದೇಶದ ಕಾರು ಅನ್ನೋಣ ಹೇಳಿ?

ಮೂರನೆಯವರು ಅಜ್ಜನಂಥ ಮನೆಯ ಗ್ಯಾರೇಜಿನವರು. ಇವರಿಗೆ ಕಂಪನಿಯ ಬೆಂಬಲವಿಲ್ಲ, ರೇಸಿನವರ ದುಡ್ಡಿಲ್ಲ. ಪತ್ರಿಕೆಗಳ ಸಣ್ಣ ಜಾಹೀರಾತು ನೋಡಿ, ಕಾಣದವರ ಮಾತು ನಂಬಿ ದುಡ್ಡು ಕಳಿಸಬೇಕು. ಹಡಗಿನಲ್ಲಿ ಬಂದರೆ ತಿಂಗಳುಗಟ್ಟಲೆ ಕಾಯಬೇಕು, ವಿಮಾನದಲ್ಲಿ ತರಿಸಿದರೆ ಸಾಗಣೆಯ ಖರ್ಚೇ ಮಾಲಿನ ಬೆಲೆಯನ್ನು ನುಂಗುತ್ತದೆ. ಬಂದದ್ದು ಬಳಸಿದ ಮಾಲು. ಸೀಳಿದೆಯೋ, ಸವೆದಿದೆಯೋ ಜಿಡ್ಡು ತೊಳೆದ ಮೇಲೇ ಗೊತ್ತಾಗುವುದು. ಇನ್ನೊಂದು ತೊಡಕು ಸೀಸದ್ದು. ಜೀಲಾಂಗಿನ ಈ ಹೆಡ್‌ಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಆ ಸೀಸ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿತ್ತು. ಅಮೆರಿಕದಲ್ಲಿ ರಸ್ತೆಯ ಕಾರುಗಳಿಗೆ ಸೀಸದ ಪೆಟ್ರೋಲ್ 1996ರಲ್ಲಿ ಪೂರ್ತಿ ನಿಷೇಧವಾಯಿತು. ಹಾಗಾಗಿ ಹಳೆಯ ಹೆಡ್‌ಗೆ ಗಟ್ಟಿ ಲೋಹದ ವಾಲ್ವ್ ಸೀಟ್ ಕೂರಿಸಿಯೇ ಓಡಿಸಬೇಕಾಯಿತು. ಒತ್ತಡ ಹೆಚ್ಚಾದ್ದರಿಂದ ಸಾಧಾರಣ ಪೆಟ್ರೋಲ್ ಹಾಕಿದರೆ ಎಂಜಿನ್ ಕಟಕಟ ಅನ್ನುತ್ತದೆ. ಬಂಕಿನಲ್ಲಿ ಸಿಗುವ ದುಬಾರಿ ಪೆಟ್ರೋಲೇ ಬೇಕು. ಅಂದರೆ ಜೀಲಾಂಗಿನ ಹೆಡ್ ಮಂತ್ರದ ಕೋಲೇನಲ್ಲ. ಅದರ ಮೇಲೆ ಕೆಲಸ ಮಾಡುವ ತಾಳ್ಮೆ ಇದ್ದವರಿಗಷ್ಟೇ ಫಲ.

ಜೀಲಾಂಗಿನ ದಿನಗಳೂ ಮುಗಿದವು. ಎಣ್ಣೆಯ ಬೆಲೆ ಏರಿದಾಗ ಅಲ್ಲೂ ವಿ8ಗೆ ಬೇಡಿಕೆ ಕುಸಿಯಿತು. 1982ರ ಕೊನೆಗೆ ಫಾಲ್ಕನ್ ಕಾರಿನಿಂದ ವಿ8 ಮರೆಯಾಯಿತು. ಅಂದರೆ ಅಜ್ಜನ ಮನೆಗೆ ಬಂದ ಹೆಡ್‌ಗಳು ಆಗಲೇ ಇಪ್ಪತ್ತೈದು ವರ್ಷದ ಆಸುಪಾಸಿನವು. ಯಾವುದೋ ಸಂಸಾರವನ್ನು ಹೊತ್ತು ತಿರುಗಿ, ಗುಜರಿಗೆ ಹೋಗಿ, ಯಾರದೋ ಕಣ್ಣಿಗೆ ಬಿದ್ದು ಬಂದವು. ಹೊಸದಾಗಿ ಹುಟ್ಟುವುದಿಲ್ಲ, ಇರುವುದನ್ನೇ ಹಂಚಿಕೊಳ್ಳಬೇಕು.

ಆದರೆ ಅಲ್ಲಿ ಕಲಿತ ಕೈಗಳು ಕಲಿತದ್ದನ್ನು ಮರೆಯಲಿಲ್ಲ. ಫಾಲ್ಕನ್ ಸಾಕಿಕೊಂಡವರು, ರೇಸು ಓಡಿಸುವವರು ಈ ಎಂಜಿನ್ನನ್ನು ಬಿಚ್ಚುತ್ತಾ ಕಟ್ಟುತ್ತಾ ಇದ್ದರು. ಮುಂದೆ ಮೆಲ್ಬರ್ನ್‌ನ ಸಿಎಚ್‌ಐ ಎಂಬ ಸಂಸ್ಥೆ ಅಲ್ಯೂಮಿನಿಯಂನಲ್ಲಿ ಹೊಸ ಕ್ಲೀವ್‌ಲ್ಯಾಂಡ್ ಹೆಡ್ ತಯಾರಿಸಿ ಅಮೆರಿಕದವರಿಗೂ ಮಾರಿತು. ಅದರ ಹೆಸರು ‘3ವಿ’. 2ವಿಗೂ 4ವಿಗೂ ನಡುವಿನ ಅಳತೆ ಅಂತ! ಕ್ಲೀವ್‌ಲ್ಯಾಂಡಿನಲ್ಲಿ 1970ರಲ್ಲಿ ಆಗಬೇಕಿದ್ದ ಕೆಲಸ ಕೊನೆಗೂ ಆಸ್ಟ್ರೇಲಿಯಾದಲ್ಲೇ ಆಯಿತು.

ಅಜ್ಜನ ಮಸ್ಟಾಂಗ್ ಆ ಬೇಸಿಗೆಯಲ್ಲಿ ಓಡಿತು. ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಹೊರಟರು. ಎದೆಯೊಳಗೆ ತಮಟೆ ಬಾರಿಸಿದಂಥ ಸದ್ದು. ವಿಮಾನ ನಿಲ್ದಾಣದ ಹತ್ತಿರ ಬ್ರೂಕ್ ಪಾರ್ಕ್ ಕಾರ್ಖಾನೆಯ ಬೇಲಿಯ ಪಕ್ಕ ನಿಧಾನ ಮಾಡಿ, ಕೈ ತೋರಿಸಿ, “ಇಲ್ಲೇ” ಅಂದರು. ಅಷ್ಟೇ. ಆಗ ಅದಿನ್ನೂ ನಡೆಯುತ್ತಿತ್ತು. ಅಲ್ಲಿನ ಎರಕದ ಕಾರ್ಖಾನೆ 2010ರಲ್ಲಿ ಮುಚ್ಚಿತು. 351 ತಯಾರಾಗುತ್ತಿದ್ದ ಎರಡನೆಯ ಎಂಜಿನ್ ಘಟಕ 2012ರಲ್ಲಿ ಮುಚ್ಚಿತು. 2016ರ ಅಕ್ಟೋಬರ್ 7ರಂದು ಫೋರ್ಡ್ ಆಸ್ಟ್ರೇಲಿಯಾದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸಿತು. ಜೀಲಾಂಗ್ ಮತ್ತು ಬ್ರಾಡ್‌ಮೆಡೋಸ್ ಸೇರಿ ಸುಮಾರು 600 ಮಂದಿ ಆ ದಿನ ಕೊನೆಯ ಪಾಳಿ ಮುಗಿಸಿ ಹೊರಬಂದರು. ಹೆತ್ತ ಮನೆಯೂ ಇಲ್ಲ, ಸಾಕಿದ ಮನೆಯೂ ಇಲ್ಲ. ಉಳಿದಿರುವುದು ಗ್ಯಾರೇಜುಗಳಲ್ಲಿ ಕೈ ಕೊಳೆ ಮಾಡಿಕೊಳ್ಳುವವರು ಮಾತ್ರ.

ಪೆಟ್ಟಿಗೆಯ ಫೋಟೋ ಯಾಕೆ ಇಟ್ಟುಕೊಂಡೆ ಅಂತ ಹೇಳಬೇಕಲ್ಲ...

ನಮ್ಮದು ಮೈಸೂರು. ಅಪ್ಪನ ಬಳಿ ಒಂದು ಯೆಜ್ಡಿ ಇತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಅದೂ ಇಂಥದ್ದೇ ಕಥೆ. ಚೆಕ್ ದೇಶದಲ್ಲಿ ಹುಟ್ಟಿದ ಗಾಡಿ 1961ರಲ್ಲಿ ಮೈಸೂರಿಗೆ ಬಂತು. ಹುಟ್ಟಿದೂರಿನವರು ಹಳೆಯ ಮಾದರಿಯನ್ನು ಬಿಟ್ಟು ಮುಂದೆ ಹೋದ ಎಷ್ಟೋ ವರ್ಷಗಳ ನಂತರವೂ, 1996ರವರೆಗೆ, ನಮ್ಮವರು ಅದೇ ವಂಶವನ್ನು ಕಟ್ಟುತ್ತಲೇ ಇದ್ದರು. ಇಂಗ್ಲೆಂಡಿನ ಬುಲೆಟ್ ಮದ್ರಾಸಿನಲ್ಲಿ ಉಳಿದು 1977ರಲ್ಲಿ ಅದೇ ಇಂಗ್ಲೆಂಡಿಗೆ ರಫ್ತಾದದ್ದು ನಿಮಗೆ ಗೊತ್ತಿರಬಹುದು. ನಾವೂ ಒಂದು ಜೀಲಾಂಗ್ ಆಗಿದ್ದೆವು. ಅದು ನನಗೆ ಗೊತ್ತಿರಲಿಲ್ಲ. ಹಳೇ ಮಾಡೆಲ್ಲು, ಹೊಗೆ ಬಿಡುತ್ತೆ, ಸದ್ದು ಜಾಸ್ತಿ, ಫಾರಿನ್‌ನವರು ಎಲ್ಲಿಗೋ ಹೋಗಿದ್ದಾರೆ, ನಾವಿನ್ನೂ ಇದನ್ನೇ ಹಿಡ್ಕೊಂಡಿದೀವಿ ಅಂತ ಅಪ್ಪನ ಜೊತೆ ವಾದ ಮಾಡುತ್ತಿದ್ದೆ. 1999ರಲ್ಲಿ ನಾನೇ ಮುಂದೆ ನಿಂತು ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿಸಿದೆ. ಅಪ್ಪ ಏನೂ ಅನ್ನಲಿಲ್ಲ. ಒಳಗೆ ಹೋಗಿ ಪೇಪರ್ ಓದುತ್ತಾ ಕೂತರು.

ಏಳು ವರ್ಷದ ನಂತರ ಕ್ಲೀವ್‌ಲ್ಯಾಂಡಿನಲ್ಲಿ ಒಬ್ಬ ಮುದುಕ ಗುಜರಿಯಿಂದ ಬಂದ ಕಬ್ಬಿಣವನ್ನು ಬಟ್ಟೆಯಿಂದ ಒರೆಸುತ್ತಾ ಕೂತಿದ್ದನ್ನು ನೋಡುತ್ತಾ ನಿಂತೆ. ಅದು ಎಲ್ಲಿಂದ ಬಂತು, ಯಾರು ಉಳಿಸಿ ಕಳಿಸಿದರು ಅಂತ ಕೇಳಿದೆನಲ್ಲ, ಆಗ ನೆನಪಾದದ್ದು ನಮ್ಮ ಯೆಜ್ಡಿ. ಫೋಟೋ ತೆಗೆದುಕೊಂಡೆ.

ನಿಮ್ಮ ಮನೆಯ ಹಿತ್ತಲಲ್ಲಿ ಅಂಥದ್ದೇನಾದರೂ ತುಕ್ಕು ಹಿಡಿಯುತ್ತಾ ನಿಂತಿದ್ದರೆ ತೂಕಕ್ಕೆ ಹಾಕುವ ಮುಂಚೆ ಒಂದು ಸಲ ಯೋಚಿಸಿ. ಅದನ್ನು ಹುಡುಕುತ್ತಿರುವವರು ಯಾವ ಊರಿನಲ್ಲಿದ್ದಾರೋ ಯಾರಿಗೆ ಗೊತ್ತು!